ಕಣಜದಿಂದ ಸುರಿದ ನಗು

ಸ್ಟಾರ್ ಟ್ರೆಕ್ ಅಭಿಮಾನಿಗಳು ನಾಲ್ಕು ಮಂದಿ ಸೇರಿದರೆ ಒಂದು ವಾದ ತಪ್ಪಿದ್ದಲ್ಲ. 1967ರ ಡಿಸೆಂಬರ್ 29ರ ಶುಕ್ರವಾರ ರಾತ್ರಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ದ ಟ್ರಬಲ್ ವಿತ್ ಟ್ರಿಬಲ್ಸ್’ ಎಂಬ ಕಂತು ಪ್ರಸಾರವಾಯಿತು. ಅದು ಆ ಧಾರಾವಾಹಿಯ ಅತ್ಯುತ್ತಮ ಕಂತುಗಳ ಸಾಲಿಗೆ ಸೇರಬೇಕಾದದ್ದೋ, ಗಂಭೀರ ವಿಜ್ಞಾನ ಕಥೆಯೊಂದನ್ನು ಕೋಡಂಗಿಯಾಟಕ್ಕೆ ಇಳಿಸಿದ ಕಂತೋ? ಐವತ್ತು ವರ್ಷ ದಾಟಿದರೂ ಈ ಪ್ರಶ್ನೆ ಹಳತಾಗಿಲ್ಲ. ಒಬ್ಬರು ಅದನ್ನು ನೆನೆದ ಕೂಡಲೇ ನಗುತ್ತಾರೆ. ಇನ್ನೊಬ್ಬರು ಚೆನ್ನಾಗಿದೆ ಎಂದು ಒಪ್ಪಿಕೊಂಡರೂ ‘ಆದರೆ ಅದು ನಿಜವಾದ ಸ್ಟಾರ್ ಟ್ರೆಕ್ ಅಲ್ಲ’ ಎಂದು ಸೇರಿಸುತ್ತಾರೆ.

ಈ ಜಗಳವನ್ನು ಹಗುರವಾಗಿ ನೋಡಬಾರದು. ಅದರೊಳಗೆ ಕಥೆ ಕಟ್ಟುವವರೆಲ್ಲ ಎದುರಿಸಬೇಕಾದ ಪ್ರಶ್ನೆಯೊಂದಿದೆ: ಒಂದು ಕಲ್ಪಿತ ಲೋಕವನ್ನು ನಂಬಿಸಿದ ಮೇಲೆ, ಅದೇ ಲೋಕದಲ್ಲಿ ನಿಂತು ನಗಿಸಲು ಸಾಧ್ಯವೇ? ನಗಿಸಿದರೆ ನಂಬಿಕೆ ಉಳಿಯುತ್ತದೆಯೇ?

ಕಥೆ ಇಷ್ಟು

ಡೀಪ್ ಸ್ಪೇಸ್ ಸ್ಟೇಷನ್ ಕೆ-7ರಿಂದ ಎಂಟರ್‌ಪ್ರೈಸ್ ನೌಕೆಗೆ ತುರ್ತು ಕರೆ ಬರುತ್ತದೆ. ಪ್ರಾಣ ಹೋಗುವಂಥ ಅಪಾಯವಿದ್ದಾಗ ಮಾತ್ರ ಬಳಸಬೇಕಾದ ಕರೆ ಅದು. ಕ್ಯಾಪ್ಟನ್ ಕರ್ಕ್ ಯುದ್ಧಕ್ಕೆ ಸಜ್ಜಾಗಿ ಧಾವಿಸಿದರೆ ಅಲ್ಲಿ ಯುದ್ಧವಿಲ್ಲ. ನಿಲ್ಜ್ ಬ್ಯಾರಿಸ್ ಎಂಬ ಅಧಿಕಾರಿ ತನ್ನ ಕಣಜದ ಧಾನ್ಯಕ್ಕೆ ಕಾವಲು ಬೇಕೆಂದು ಕರೆ ಮಾಡಿಸಿದ್ದಾನೆ. ಕರ್ಕ್‌ನ ಪಿತ್ತ ನೆತ್ತಿಗೇರುತ್ತದೆ. ಅದೇ ಹೊತ್ತಿಗೆ ಶತ್ರುಗಳಾದ ಕ್ಲಿಂಗಾನರ ನೌಕೆಯೂ ಅಲ್ಲಿಗೆ ಬಂದು, ತನ್ನ ಸಿಬ್ಬಂದಿಗೆ ವಿಶ್ರಾಂತಿ ಬೇಕೆಂದು ಜಾಗ ಕೇಳುತ್ತದೆ.

ಈ ನಡುವೆ ಸಿರಾನೊ ಜೋನ್ಸ್ ಎಂಬ ಅಲೆಮಾರಿ ವ್ಯಾಪಾರಿ ನಿಲ್ದಾಣದ ಬಾರ್‌ನಲ್ಲಿ ಟ್ರಿಬಲ್ ಎಂಬ ಪುಟ್ಟ ಪ್ರಾಣಿಯನ್ನು ಮಾರಲು ನಿಂತಿದ್ದಾನೆ. ಅದಕ್ಕೆ ಕಣ್ಣಿಲ್ಲ, ಕಾಲಿಲ್ಲ. ಇರುವುದು ಬರೀ ತುಪ್ಪಳದ ಉಂಡೆ. ಕೈಯಲ್ಲಿ ಹಿಡಿದು ನೇವರಿಸಿದರೆ ಹಿತವಾಗಿ ಗುರುಗುಟ್ಟುತ್ತದೆ. ಸಂಪರ್ಕಾಧಿಕಾರಿ ಉಹುರಾ ಮನಸೋತು ಒಂದನ್ನು ನೌಕೆಗೆ ತರುತ್ತಾಳೆ. ಒಂದು ಹತ್ತಾಗುತ್ತದೆ, ಹತ್ತು ನೂರಾಗುತ್ತದೆ. ಇವು ಹುಟ್ಟುವಾಗಲೇ ಬಸುರಾಗಿರುತ್ತವೆ ಎಂದು ವೈದ್ಯ ಮೆಕಾಯ್ ಕಂಡುಹಿಡಿಯುವಷ್ಟರಲ್ಲಿ ಅವು ಗಾಳಿಕೊಳವೆಯ ಮೂಲಕ ಊಟ ಒದಗಿಸುವ ಯಂತ್ರದೊಳಗೂ ನುಗ್ಗಿರುತ್ತವೆ. ಕರ್ಕ್ ತಿನ್ನಬೇಕೆಂದು ತರಿಸಿಕೊಂಡ ತಟ್ಟೆಯ ಮೇಲೆ ಟ್ರಿಬಲ್‌ಗಳೇ ಕೂತಿರುತ್ತವೆ.

ಕೊನೆಗೆ ಕರ್ಕ್ ಕಣಜದ ಬಾಗಿಲು ತೆರೆಯುತ್ತಾನೆ. ಧಾನ್ಯದ ಬದಲು ಅವನ ತಲೆಯ ಮೇಲೆ ರಾಶಿ ರಾಶಿ ಟ್ರಿಬಲ್‌ಗಳು ಸುರಿಯುತ್ತವೆ. ಎದೆಮಟ್ಟ ಹೂತುಹೋದ ಕ್ಯಾಪ್ಟನ್ ಬೇಸರದ ಮುಖ ಹೊತ್ತು ನಿಂತಿರುತ್ತಾನೆ. ಮೇಲಿನಿಂದ ಇನ್ನೂ ಒಂದೊಂದಾಗಿ ಬೀಳುತ್ತಲೇ ಇರುತ್ತವೆ. ಸ್ಟಾರ್ ಟ್ರೆಕ್ ನೋಡದವರೂ ಈ ಚಿತ್ರವನ್ನು ಎಲ್ಲೋ ಕಂಡಿರುತ್ತಾರೆ.

ಹೊಸ ಬರಹಗಾರ, ಐನೂರು ಉಂಡೆಗಳು

ಈ ಕಂತನ್ನು ಬರೆದವರು ಡೇವಿಡ್ ಗೆರಾಲ್ಡ್. 1944ರಲ್ಲಿ ಹುಟ್ಟಿದ ಅವರಿಗೆ ಪ್ರಸಾರದ ಹೊತ್ತಿಗೆ ಇನ್ನೂ 24 ತುಂಬಿರಲಿಲ್ಲ. ವೃತ್ತಿಪರವಾಗಿ ಅವರು ಮಾರಿದ ಮೊದಲ ಕಥೆ ಇದು. ಶತ್ರುಗಳಿಲ್ಲದ ಜಾಗಕ್ಕೆ ಒಂದು ಜೀವಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಅವರ ಮನಸ್ಸಿನಲ್ಲಿದ್ದ ಉದಾಹರಣೆ ಆಸ್ಟ್ರೇಲಿಯಾದ ಮೊಲಗಳು. 1859ರಲ್ಲಿ ವಿಕ್ಟೋರಿಯಾ ಪ್ರಾಂತ್ಯದ ಜಮೀನುದಾರ ಥಾಮಸ್ ಆಸ್ಟಿನ್ ಬೇಟೆಯ ಖುಷಿಗೆಂದು ಇಂಗ್ಲೆಂಡಿನಿಂದ ತರಿಸಿ ಬಿಟ್ಟ ಒಂದೆರಡು ಡಜನ್ ಮೊಲಗಳು ಕೆಲವೇ ದಶಕಗಳಲ್ಲಿ ಖಂಡದ ಹುಲ್ಲುಗಾವಲುಗಳನ್ನೇ ಬೋಳು ಮಾಡಿದವು. ನಮ್ಮ ಕಡೆಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಮದು ಗೋಧಿಯ ಜೊತೆ ಬಂದಿತೆಂದು ಹೇಳುವ ಕಾಂಗ್ರೆಸ್ ಹುಲ್ಲು ಹೊಲದ ಬದು, ಖಾಲಿ ಸೈಟು, ರಸ್ತೆಯಂಚುಗಳನ್ನೆಲ್ಲ ಹೇಗೆ ಆವರಿಸಿತೆಂದು ಕರ್ನಾಟಕದ ರೈತರು ಕಣ್ಣಾರೆ ಕಂಡಿದ್ದಾರೆ.

ಚಿತ್ರಕಥೆ ಸಿದ್ಧವಾದ ಮೇಲೆ ಒಂದು ತೊಡಕು ಎದುರಾಯಿತು. ರಾಬರ್ಟ್ ಹೈನ್‌ಲೈನ್ ಅವರ 1952ರ ‘ದ ರೋಲಿಂಗ್ ಸ್ಟೋನ್ಸ್’ ಕಾದಂಬರಿಯಲ್ಲಿ ಹೀಗೇ ಮಿತಿಮೀರಿ ಮರಿಹಾಕುವ ಮಂಗಳ ಗ್ರಹದ ಪ್ರಾಣಿಗಳಿವೆ ಎಂದು ಸಂಶೋಧನಾ ತಂಡ ಎಚ್ಚರಿಸಿತು. ಹೈನ್‌ಲೈನ್ ದೊಡ್ಡ ಮನಸ್ಸಿನಿಂದ ಒಪ್ಪಿಗೆ ಕೊಟ್ಟರು. ತಮ್ಮ ಕಲ್ಪನೆಯೂ ಎಲಿಸ್ ಪಾರ್ಕರ್ ಬಟ್ಲರ್ ಅವರ 1905ರ ‘ಪಿಗ್ಸ್ ಈಸ್ ಪಿಗ್ಸ್’ ಎಂಬ ನಗೆಗತೆಗೆ ಋಣಿ ಎಂಬುದು ಅವರ ನಿಲುವಾಗಿತ್ತು. ಅಲ್ಲಿ ಗಿನಿ ಪಿಗ್‌ಗಳು ಹಂದಿಗಳೋ ಸಾಕುಪ್ರಾಣಿಗಳೋ ಎಂದು ಸಾಗಣೆ ಕಚೇರಿ ತೀರ್ಮಾನಿಸುವಷ್ಟರಲ್ಲಿ ಅವು ಕಚೇರಿಯನ್ನೇ ತುಂಬಿಬಿಡುತ್ತವೆ. ಟ್ರಿಬಲ್ ಹೀಗೆ ಹಳೆಯ ನಗೆಯ ವಂಶಕ್ಕೆ ಸೇರಿದ ಪ್ರಾಣಿ.

ಪ್ರಾಣಿಗೆ ರೂಪ ಕೊಟ್ಟವರು ಕಲಾವಿದ ವಾ ಚಾಂಗ್. ಕೃತಕ ತುಪ್ಪಳದೊಳಗೆ ಫೋಮ್ ರಬ್ಬರ್ ತುಂಬಿ ಸುಮಾರು 500 ಉಂಡೆಗಳನ್ನು ಹೊಲಿಸಲಾಯಿತು. ನೆಲದ ಮೇಲೆ ಚಲಿಸಬೇಕಾದ ಕೆಲವಕ್ಕೆ ಆಟಿಕೆ ನಾಯಿಗಳೊಳಗಿನ ಬ್ಯಾಟರಿ ಯಂತ್ರಗಳನ್ನು ಅಳವಡಿಸಿದರು. ಕಣಜದ ದೃಶ್ಯದಲ್ಲಿ ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಮೇಲೆ ಒಂದೊಂದಾಗಿ ಬಿದ್ದವುಗಳನ್ನು ತಂಡದವರೇ ಮರೆಯಲ್ಲಿ ನಿಂತು ಎಸೆಯುತ್ತಿದ್ದರು.

ಜಗಳ ಶುರುವಾದದ್ದು ಮನೆಯೊಳಗೇ

ಈ ಕಂತಿನ ಕುರಿತ ಭಿನ್ನಾಭಿಪ್ರಾಯವನ್ನು ಅಭಿಮಾನಿಗಳು ಹುಟ್ಟುಹಾಕಲಿಲ್ಲ. ಅದು ಸ್ಟುಡಿಯೊದೊಳಗೇ ಹುಟ್ಟಿತ್ತು. ನಿರ್ಮಾಪಕ ಜೀನ್ ಕೂನ್ ಹಾಸ್ಯದ ಪರವಾಗಿದ್ದರು. ಹೊಸಬರಾದ ಗೆರಾಲ್ಡ್‌ಗೆ ತಿದ್ದಿ ತೀಡಿ ದಾರಿ ತೋರಿಸಿದವರು ಅವರೇ. ನಿರ್ದೇಶಕ ಜೋಸೆಫ್ ಪೆವ್ನಿಯವರಿಗೂ ಹಾಸ್ಯ ಒಲಿದಿತ್ತು. ಆದರೆ ಸಹ ನಿರ್ಮಾಪಕ ರಾಬರ್ಟ್ ಜಸ್ಟ್‌ಮನ್‌ಗೆ ಕಂತು ಹಿಡಿಸಲಿಲ್ಲ. ಪಾತ್ರಗಳು ತಮ್ಮನ್ನು ತಾವೇ ಅಣಕಿಸಿಕೊಂಡಂತಿವೆ ಎಂಬುದು ಅವರ ಆಕ್ಷೇಪ. ಮೂರನೆಯ ವರ್ಷ ಹೊಣೆ ಹೊತ್ತ ನಿರ್ಮಾಪಕ ಫ್ರೆಡ್ ಫ್ರೈಬರ್ಗರ್ ಸ್ಟಾರ್ ಟ್ರೆಕ್ ಹಾಸ್ಯ ಧಾರಾವಾಹಿಯಲ್ಲ ಎಂದು ತಮಗೆ ಹೇಳಿದ್ದರೆಂದು ಗೆರಾಲ್ಡ್ ಬರೆದುಕೊಂಡಿದ್ದಾರೆ. ಟ್ರಿಬಲ್‌ಗಳ ಮುಂದಿನ ಕಥೆಗೆ ಆಗ ಅವಕಾಶ ಸಿಗಲಿಲ್ಲ. ಅದು 1973ರಲ್ಲಿ ಅನಿಮೇಷನ್ ಸರಣಿಯ ಕಂತಾಗಿ ಬಂತು.

ಅಭಿಮಾನಿಗಳ ಆಕ್ಷೇಪಗಳನ್ನು ಕೂಡಿಸಿ ನೋಡಿದರೆ ಮೂರು ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು ಕ್ಲಿಂಗಾನರ ಬಗ್ಗೆ. 1967ರ ಮಾರ್ಚ್‌ನಲ್ಲಿ ‘ಎರಂಡ್ ಆಫ್ ಮರ್ಸಿ’ ಕಂತಿನಲ್ಲಿ ನಟ ಜಾನ್ ಕೊಲಿಕೋಸ್ ಕೋರ್ ಎಂಬ ಕ್ಲಿಂಗಾನ್ ದಂಡನಾಯಕನಾಗಿ ನಡುಕ ಹುಟ್ಟಿಸಿದ್ದರು. ಇಲ್ಲಿಗೂ ಅವರನ್ನೇ ಕರೆಸುವ ಯೋಚನೆಯಿತ್ತು, ಅವರು ಸಿಗಲಿಲ್ಲ. ಬದಲಿಗೆ ವಿಲಿಯಂ ಕ್ಯಾಂಪ್‌ಬೆಲ್ ಅಭಿನಯದ ಕೋಲೋತ್ ಬಂದ. ನಯವಾಗಿ ಮಾತಾಡುವ, ತುಟಿಯಂಚಿನಲ್ಲಿ ನಗುವ ಶತ್ರು. ಭಯಂಕರರನ್ನು ಬೆದರುಬೊಂಬೆ ಮಾಡಿದರು ಎಂದು ಹಲವರಿಗೆ ಬೇಸರ. ಎರಡನೆಯದು ಕರ್ಕ್ ಬಗ್ಗೆ. ಎಲ್ಲರ ಮೇಲೂ ಸಿಡುಕುವ, ಕೊನೆಗೆ ನಗೆಪಾಟಲಾಗುವ ಈ ಕ್ಯಾಪ್ಟನ್ ಸಾವುನೋವಿನ ತೀರ್ಮಾನ ಕೈಗೊಳ್ಳುವ ಅದೇ ಕ್ಯಾಪ್ಟನ್ ಹೌದೇ? ಮೂರನೆಯದು ಮುಕ್ತಾಯದ ಬಗ್ಗೆ. ನೌಕೆಯಲ್ಲಿದ್ದ ಟ್ರಿಬಲ್‌ಗಳನ್ನೆಲ್ಲ ಎಂಜಿನಿಯರ್ ಸ್ಕಾಟಿ ಕ್ಲಿಂಗಾನರ ನೌಕೆಗೆ ಸಾಗಿಸಿಬಿಡುತ್ತಾನೆ. ಎಲ್ಲರೂ ನಗುತ್ತಾರೆ. ಆ ಮುಗ್ಧ ಪ್ರಾಣಿಗಳ ಗತಿ ಅಲ್ಲಿ ಏನಾಗಿರಬೇಕು?

ಈ ಮೂರೂ ಪ್ರಶ್ನೆಗಳು ಕಂತನ್ನು ಪ್ರೀತಿಯಿಂದ, ಮತ್ತೆ ಮತ್ತೆ ನೋಡಿದವರ ಪ್ರಶ್ನೆಗಳು. ಇವಕ್ಕೆ ಉತ್ತರ ಹುಡುಕುತ್ತ ಹೋದರೆ ಕಂತಿನ ಒಳಕಟ್ಟು ಎಷ್ಟು ಗಟ್ಟಿಯೆಂದು ತಿಳಿಯುತ್ತದೆ.

ನಗೆಯ ಕೆಳಗಿನ ಲೆಕ್ಕ

ಕ್ಲಿಂಗಾನರು ಇಲ್ಲಿ ಯಾಕೆ ಗುಂಡು ಹಾರಿಸುವುದಿಲ್ಲ? ಕಾರಣ ‘ಎರಂಡ್ ಆಫ್ ಮರ್ಸಿ’ಯಲ್ಲೇ ಇದೆ. ಅಲ್ಲಿ ಆರ್ಗೇನಿಯನ್ನರೆಂಬ ಮಹಾಶಕ್ತರು ಎರಡೂ ಪಕ್ಷಗಳ ಕೈ ಕಟ್ಟಿ ಶಾಂತಿ ಹೇರುತ್ತಾರೆ. ಒಂದು ಗ್ರಹದ ಮೇಲೆ ಇಬ್ಬರಿಗೂ ಹಕ್ಕಿದ್ದರೆ, ಅದನ್ನು ಹೆಚ್ಚು ಚೆನ್ನಾಗಿ ಅಭಿವೃದ್ಧಿಪಡಿಸಬಲ್ಲವರಿಗೆ ಅದು ಸೇರಬೇಕು ಎಂಬುದು ಆ ಒಪ್ಪಂದದ ಕರಾರು. ಶೆರ್ಮನ್ಸ್ ಪ್ಲಾನೆಟ್ ಅಂಥ ಗ್ರಹ. ಅಲ್ಲಿ ಬೆಳೆಯಬಲ್ಲ ಭೂಮಿಯ ಧಾನ್ಯ ಒಂದೇ, ಕ್ವಾಡ್ರೊಟ್ರಿಟಿಕೇಲ್. ಹಾಗಾಗಿ ಆಯುಧಗಳ ಜಾಗಕ್ಕೆ ಕಾಳು ಬಂತು. ಯುದ್ಧ ನಿಷಿದ್ಧವಾದ ಕಡೆ ಶತ್ರುಗಳು ಪರಸ್ಪರ ನಯವಾಗಿ ಕುಟುಕುವುದು, ಬಾರ್‌ನಲ್ಲಿ ಬೈದಾಡುವುದು, ಕದ್ದು ವಿಷ ಬೆರೆಸುವುದು ಎಲ್ಲವೂ ಸಹಜ. ಕೋಲೋತ್‌ನ ತೆಳುನಗೆ ಒಪ್ಪಂದದ ಫಲ.

ಧಾನ್ಯವೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಗೋಧಿ ಮತ್ತು ರೈ ಕೂಡಿಸಿ ಪಡೆದ ಟ್ರಿಟಿಕೇಲ್ ನಿಜವಾದ ಬೆಳೆ. ಕಂತು ತಯಾರಾಗುತ್ತಿದ್ದ ಕಾಲಕ್ಕೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಅದರ ಮೇಲೆ ಸಂಶೋಧನೆ ನಡೆಯುತ್ತಿತ್ತು. 1969ರಲ್ಲಿ ಅಲ್ಲಿಂದ ‘ರೋಸ್ನರ್’ ಎಂಬ ತಳಿ ಬಿಡುಗಡೆಯಾಯಿತು. ಇದರ ಮೂಲ ಇಪ್ಪತ್ತನೇ ಶತಮಾನದ ಕೆನಡಾ ಎಂದು ನೌಕೆಯ ವಿಜ್ಞಾನಾಧಿಕಾರಿ ಸ್ಪಾಕ್ ವಿವರಿಸುವಾಗ ಅದು ಅಂದಿನ ಕೃಷಿ ವಿಜ್ಞಾನದ ಸುದ್ದಿಯೇ.

ಇನ್ನು ಪ್ರಸಿದ್ಧವಾದ ಆ ಸಂಖ್ಯೆ. ಟ್ರಿಬಲ್‌ಗಳಲ್ಲಿ ಹೂತುಹೋದ ಕರ್ಕ್ ಎದುರು ಸ್ಪಾಕ್ ಶಾಂತವಾಗಿ 17,71,561 ಎಂದು ಎಣಿಕೆ ಹೇಳುತ್ತಾನೆ. ಒಂದು ಟ್ರಿಬಲ್‌ನಿಂದ ಆರಂಭ, ಪ್ರತಿ 12 ಗಂಟೆಗೆ ಸರಾಸರಿ ಹತ್ತು ಮರಿ, ಒಟ್ಟು ಮೂರು ದಿನ ಎಂಬುದು ಅವನ ಆಧಾರ. ಮೂರು ದಿನವೆಂದರೆ ಆರು ತಲೆಮಾರು. ತಾಯಿಯೂ ಹತ್ತು ಮರಿಗಳೂ ಸೇರಿ ಪ್ರತಿ ಸಲ ಹನ್ನೊಂದು ಪಟ್ಟು: 1, 11, 121, 1,331, 14,641, 1,61,051, 17,71,561. ಲೆಕ್ಕ ಒಂದಂಕಿಯೂ ತಪ್ಪಿಲ್ಲ. ಇನ್ನೊಂದು ಹನ್ನೆರಡು ಗಂಟೆ ಬಿಟ್ಟರೆ ಅದು 1,94,87,171. ತಾವೇ ಗುಣಿಸಿ ನೋಡಿ ಸರಿಯೆಂದು ಕಂಡುಕೊಂಡ ನೋಡುಗರಿಗೆ ಸಿಗುವ ಸಂತೋಷ ಈ ಕಂತಿನ ಜನಪ್ರಿಯತೆಯ ದೊಡ್ಡ ಪಾಲು. ಘಾತೀಯ ಬೆಳವಣಿಗೆಯನ್ನು ಇಷ್ಟು ಚುರುಕಾಗಿ ಮನಸ್ಸಿಗೆ ಇಳಿಸಿದ ದೂರದರ್ಶನದ ದೃಶ್ಯ ಇನ್ನೊಂದನ್ನು ಹುಡುಕುವುದು ಕಷ್ಟ.

ಕರ್ಕ್ ಬಗೆಗಿನ ಆಕ್ಷೇಪಕ್ಕೂ ಉತ್ತರವಿದೆ. ಪಾತ್ರಗಳು ಇಲ್ಲಿ ಸ್ವಭಾವ ಬಿಟ್ಟು ವರ್ತಿಸಿಲ್ಲ. ಬಾರ್‌ನ ಹೊಡೆದಾಟ ನೋಡಿ. ಕ್ಲಿಂಗಾನ್ ಕೋರಾಕ್ಸ್ ಕರ್ಕ್‌ನನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಸಿಟ್ಟಿಗೆದ್ದ ಕಿರಿಯ ಅಧಿಕಾರಿ ಚೆಕಾಫ್‌ನನ್ನು ಸ್ಕಾಟಿಯೇ ಹಿಡಿದು ಕೂರಿಸುತ್ತಾನೆ. ಆಮೇಲೆ ಕೋರಾಕ್ಸ್ ಎಂಟರ್‌ಪ್ರೈಸ್ ನೌಕೆಯನ್ನು ಕಸದ ಗಾಡಿಗೆ ಹೋಲಿಸಿದ ಕೂಡಲೇ ಮೊದಲ ಗುದ್ದು ಸ್ಕಾಟಿಯದೇ. ತನ್ನ ಮಾನಕ್ಕಿಂತ ನೌಕೆಯ ಮಾನ ಹೆಚ್ಚಾಯಿತೆಂದು ವಿಚಾರಣೆಯಲ್ಲಿ ತಿಳಿದಾಗ ಕರ್ಕ್‌ನ ಮುಖ ನೋಡಬೇಕು. ಶಿಕ್ಷೆಯಾಗಿ ಕೊಠಡಿಯಲ್ಲೇ ಇರಬೇಕೆಂದರೆ, ತಾಂತ್ರಿಕ ಪತ್ರಿಕೆ ಓದಲು ಬಿಡುವು ಸಿಕ್ಕಿತೆಂದು ಸ್ಕಾಟಿ ಹಿಗ್ಗುತ್ತಾನೆ. ನೌಕೆಯೇ ಸ್ಕಾಟಿಯ ಜೀವ ಎಂದು ವರ್ಷಕ್ಕೂ ಹೆಚ್ಚು ಕಾಲದಿಂದ ನೋಡುತ್ತ ಬಂದವರಿಗಷ್ಟೇ ಈ ನಗು ಪೂರ್ತಿ ದಕ್ಕುತ್ತದೆ. ಪಾತ್ರವನ್ನು ಚೆನ್ನಾಗಿ ಬಲ್ಲವರು ಮಾತ್ರ ಅದರ ಮೇಲೆ ಹಾಸ್ಯ ಬರೆಯಬಲ್ಲರು, ಗೆರಾಲ್ಡ್ ಬಲ್ಲವರಾಗಿದ್ದರು.

ಕಣಜದ ದೃಶ್ಯವನ್ನು ಇನ್ನೊಮ್ಮೆ ಗಮನಿಸಿದರೆ ಒಂದು ಕರಾಳ ಸಂಗತಿ ಹೊಳೆಯುತ್ತದೆ. ಸುರಿದ ಟ್ರಿಬಲ್‌ಗಳಲ್ಲಿ ಬಹುಪಾಲು ಸತ್ತಿವೆ ಅಥವಾ ಸಾಯುತ್ತಿವೆ. ಧಾನ್ಯಕ್ಕೆ ವಿಷ ಬೆರೆತಿದೆ. ಅದನ್ನು ಶೆರ್ಮನ್ಸ್ ಪ್ಲಾನೆಟ್‌ಗೆ ಕಳಿಸಿದ್ದರೆ ವಲಸಿಗರು ಸಾಯುತ್ತಿದ್ದರು. ಅಧಿಕಾರಿ ಬ್ಯಾರಿಸ್‌ನ ಸಹಾಯಕ ಆರ್ನ್ ಡಾರ್ವಿನ್‌ನ ಹತ್ತಿರ ಹಿಡಿದರೆ ಟ್ರಿಬಲ್‌ಗಳು ಕಿರುಚುತ್ತವೆ. ಕ್ಲಿಂಗಾನರನ್ನು ಕಂಡರೆ ಅವಕ್ಕಾಗದು, ಹಾಗಾಗಿ ಅವನು ವೇಷ ಮರೆಸಿದ ಕ್ಲಿಂಗಾನ್ ಎಂದು ಬಯಲಾಗುತ್ತದೆ. ನಾವು ಅತಿ ಹೆಚ್ಚು ನಕ್ಕ ಗಳಿಗೆಯೇ ಕಥೆಯ ಅತಿ ಗಂಭೀರ ಸತ್ಯ ಹೊರಬೀಳುವ ಗಳಿಗೆ. ಹಾಸ್ಯವೂ ಒಗಟೂ ಒಂದೇ ಹೊಲಿಗೆಯಲ್ಲಿ ಸೇರಿವೆ. ಒಂದನ್ನು ಬಿಚ್ಚಿದರೆ ಇನ್ನೊಂದು ಉಳಿಯದು.

ಎರಡು ಪರೀಕ್ಷೆಗಳು

ಗಂಭೀರವಾಗಿ ಹೇಳಿದ್ದರೆ ಇದೇ ವಿಷಯ ಇನ್ನೂ ಚೆನ್ನಾಗಿ ಮನಮುಟ್ಟುತ್ತಿತ್ತೇ? ಸ್ಟಾರ್ ಟ್ರೆಕ್ ಆ ಪರೀಕ್ಷೆಯನ್ನೂ ಮಾಡಿತು. 1969ರ ಜನವರಿಯಲ್ಲಿ ‘ದ ಮಾರ್ಕ್ ಆಫ್ ಗಿಡಿಯನ್’ ಎಂಬ ಕಂತು ಬಂತು. ಜನಸಂಖ್ಯೆ ಮಿತಿಮೀರಿ ಉಸಿರುಗಟ್ಟಿದ ಗ್ರಹದ ಕಥೆ ಅದು. ಅದರ ಬರಹಗಾರರಲ್ಲಿ ಒಬ್ಬರು ಸ್ಟ್ಯಾನ್ಲಿ ಆ್ಯಡಮ್ಸ್. ಟ್ರಿಬಲ್ ಮಾರಿದ ಸಿರಾನೊ ಜೋನ್ಸ್ ಪಾತ್ರ ಮಾಡಿದವರು ಅವರೇ. ಉದ್ದೇಶ ದೊಡ್ಡದು, ಧಾಟಿ ಗಂಭೀರ. ಆದರೆ ಜನರಿಂದ ಕಿಕ್ಕಿರಿದ ಗ್ರಹದಲ್ಲಿ ಎಂಟರ್‌ಪ್ರೈಸ್‌ನಷ್ಟೇ ದೊಡ್ಡ ನಕಲಿ ನೌಕೆ ಕಟ್ಟಲು ಜಾಗ ಎಲ್ಲಿತ್ತು ಎಂದು ಅಭಿಮಾನಿಗಳು ಕೇಳುತ್ತಾರೆ. ಅದಕ್ಕೆ ಕಥೆಯಲ್ಲಿ ಉತ್ತರವಿಲ್ಲ. ಸಂಖ್ಯಾಸ್ಫೋಟದ ಪಾಠ ಎಂದರೆ ಇಂದು ಜನ ನೆನೆಯುವುದು ಟ್ರಿಬಲ್‌ಗಳನ್ನೇ.

ಎರಡನೆಯ ಪರೀಕ್ಷೆ 1968ರ ಸೆಪ್ಟೆಂಬರ್‌ನಲ್ಲಿ ನಡೆಯಿತು. ಮೂರನೆಯ ವರ್ಷದ ಮೊದಲ ಕಂತು ‘ಸ್ಪಾಕ್ಸ್ ಬ್ರೇನ್’. ಯಾರೋ ಸ್ಪಾಕ್‌ನ ಮಿದುಳು ಕದ್ದೊಯ್ಯುತ್ತಾರೆ. ಮಿದುಳಿಲ್ಲದ ಅವನ ದೇಹವನ್ನು ಗುಂಡಿಯೊತ್ತಿ ನಡೆಸುತ್ತ ಕರ್ಕ್ ಹುಡುಕಲು ಹೊರಡುತ್ತಾನೆ. ಗಂಭೀರವಾಗಿ ನಟಿಸಿದ ಈ ಕಂತನ್ನು ನೋಡಿ ಅಭಿಮಾನಿಗಳು ಇಂದಿಗೂ ಹೊಟ್ಟೆ ಹಿಡಿದು ನಗುತ್ತಾರೆ. ಲೀ ಕ್ರೋನಿನ್ ಎಂಬ ಗುಪ್ತನಾಮದಲ್ಲಿ ಅದನ್ನು ಬರೆದವರು ಬೇರೆ ಯಾರೂ ಅಲ್ಲ, ಟ್ರಿಬಲ್‌ಗಳಿಗೆ ಬೆಂಬಲವಾಗಿ ನಿಂತಿದ್ದ ಜೀನ್ ಕೂನ್. ಲೋಕದ ನಿಯಮಕ್ಕೆ ನಿಷ್ಠವಾಗಿದ್ದಾಗ ನಗೆ ಆ ಲೋಕಕ್ಕೆ ಬಲ ಕೊಟ್ಟಿತು. ನಿಯಮ ಸಡಿಲವಾದಾಗ ಗಾಂಭೀರ್ಯವೇ ನಗೆಗೀಡಾಯಿತು. ನನ್ನ ಮಟ್ಟಿಗೆ ಇಡೀ ಜಗಳದ ತೀರ್ಪು ಇಲ್ಲಿದೆ.

ಅಭಿಮಾನಿಗಳ ಕೈಯಲ್ಲಿ

ಟ್ರಿಬಲ್ ಕಂತು ಪ್ರಸಾರವಾದ ಆ ಚಳಿಗಾಲದಲ್ಲೇ ಸ್ಟಾರ್ ಟ್ರೆಕ್ ನಿಂತುಹೋಗುವ ಸುದ್ದಿ ಹಬ್ಬಿತ್ತು. ಬಿಜೋ ಮತ್ತು ಜಾನ್ ಟ್ರಿಂಬಲ್ ದಂಪತಿ ಮುಂದಾಳಾಗಿ ಪತ್ರ ಚಳವಳಿ ನಡೆಸಿದರು. ಲಕ್ಷಕ್ಕೂ ಹೆಚ್ಚು ಪತ್ರಗಳು ಎನ್‌ಬಿಸಿ ಕಚೇರಿಗೆ ಬಂದು ಬಿದ್ದವು. 1968ರ ಮಾರ್ಚ್ 1ರಂದು ಧಾರಾವಾಹಿ ಮುಂದುವರಿಯುತ್ತದೆಂದು ವಾಹಿನಿ ಪ್ರಸಾರದಲ್ಲೇ ಘೋಷಿಸಬೇಕಾಯಿತು. ಅದೇ ವರ್ಷ ವಿಜ್ಞಾನ ಕಥಾಸಕ್ತರ ಮತದಿಂದ ನಿರ್ಧಾರವಾಗುವ ಹ್ಯೂಗೊ ಪ್ರಶಸ್ತಿಯ ನಾಟಕ ವಿಭಾಗದ ಐದೂ ಸ್ಥಾನಗಳಲ್ಲಿ ಸ್ಟಾರ್ ಟ್ರೆಕ್ ಕಂತುಗಳೇ ಇದ್ದವು, ಟ್ರಿಬಲ್ ಅವುಗಳಲ್ಲೊಂದು. ಪ್ರಶಸ್ತಿ ‘ದ ಸಿಟಿ ಆನ್ ದ ಎಡ್ಜ್ ಆಫ್ ಫಾರೆವರ್’ ಎಂಬ ಕಣ್ಣೀರಿನ ಕಥೆಗೆ ಸಂದಿತು. ಆ ದುರಂತವನ್ನೂ ಈ ಹಾಸ್ಯವನ್ನೂ ಒಂದೇ ಪಟ್ಟಿಯಲ್ಲಿಟ್ಟ ಅಂದಿನ ಮತದಾರರ ಅಭಿರುಚಿ ದೊಡ್ಡದು.

1969ರಲ್ಲಿ 79 ಕಂತುಗಳಿಗೆ ಧಾರಾವಾಹಿ ಮುಗಿಯಿತು. ಮರುಪ್ರಸಾರಗಳಿಂದ ಅಭಿಮಾನ ಇನ್ನಷ್ಟು ಬೆಳೆಯಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸಮ್ಮೇಳನಕ್ಕೆ ಕೆಲವು ನೂರು ಜನ ಬಂದಾರೆಂದು ಸಂಘಟಕರು ಎಣಿಸಿದ್ದರು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಬಂದರು. ಎಂಬತ್ತರ ದಶಕದಲ್ಲಿ ದೂರದರ್ಶನದ ಮೂಲಕ ಕರ್ಕ್, ಸ್ಪಾಕ್ ನಮ್ಮ ಮನೆಗಳಿಗೂ ಬಂದರು.

ಅಭಿಮಾನಿಗಳ ವಾದಕ್ಕೆ ಅತ್ಯಂತ ಸುಂದರವಾದ ಉತ್ತರ 1996ರ ನವೆಂಬರ್‌ನಲ್ಲಿ ಸಿಕ್ಕಿತು. ಸ್ಟಾರ್ ಟ್ರೆಕ್‌ನ 30ನೇ ವರ್ಷಕ್ಕೆಂದು ‘ಡೀಪ್ ಸ್ಪೇಸ್ ನೈನ್’ ಸರಣಿಯ ತಂಡ ‘ಟ್ರಯಲ್ಸ್ ಆ್ಯಂಡ್ ಟ್ರಿಬಲೇಷನ್ಸ್’ ಕಂತು ಮಾಡಿತು. ಹೊಸ ನಟರನ್ನು 1967ರ ದೃಶ್ಯಗಳೊಳಗೆ ಕಣ್ಣಿಗೆ ಕಾಣದ ಹೊಲಿಗೆಯಿಂದ ಸೇರಿಸಿದರು. ಡಾರ್ವಿನ್ ಪಾತ್ರಕ್ಕೆ ಮೊದಲಿನ ನಟ ಚಾರ್ಲಿ ಬ್ರಿಲ್ ಅವರೇ ಮರಳಿದರು. ಗೆರಾಲ್ಡ್ ಕೂಡ ಗುಂಪಿನಲ್ಲೊಬ್ಬರಾಗಿ ಕಾಣಿಸಿಕೊಂಡರು. ಕರ್ಕ್ ತಲೆ ಮೇಲೆ ಒಂದೊಂದೇ ಟ್ರಿಬಲ್ ಬೀಳುವುದು ಯಾಕೆ ಎಂದರೆ, ಕಣಜದೊಳಗೆ ಬಾಂಬ್ ಅಡಗಿಸಿದ ಟ್ರಿಬಲ್‌ಗಾಗಿ ಹೊಸ ಸರಣಿಯ ಸಿಸ್ಕೊ ಮತ್ತು ಡ್ಯಾಕ್ಸ್ ಹುಡುಕುತ್ತ, ಬೇಡವಾದವನ್ನು ಹೊರಗೆಸೆಯುತ್ತಿದ್ದರಂತೆ! ಕ್ಲಿಂಗಾನರಿಗೆ ಒಪ್ಪಿಸಿದ ಟ್ರಿಬಲ್‌ಗಳ ಗತಿಯ ಪ್ರಶ್ನೆಗೂ ಇಲ್ಲಿ ಉತ್ತರ ಬಂತು: ಅವನ್ನು ಪೀಡೆಯೆಂದು ಬಗೆದು ಕ್ಲಿಂಗಾನರು ಬೇಟೆಯಾಡಿ ನಿರ್ನಾಮ ಮಾಡಿದ್ದರು. ಮೂವತ್ತು ವರ್ಷ ಅಭಿಮಾನಿಗಳು ಆಡಿಕೊಂಡ ಸಂದೇಹಗಳು ಹೀಗೆ ಕಥೆಯ ಭಾಗವೇ ಆದವು.

ಟ್ರಿಬಲ್ ಪ್ರಯೋಗಾಲಯವನ್ನೂ ಹೊಕ್ಕಿತು. 2000ದಲ್ಲಿ ಹಣ್ಣುನೊಣಗಳ ಭ್ರೂಣವನ್ನು ಅಧ್ಯಯನ ಮಾಡುತ್ತಿದ್ದ ಜೀವವಿಜ್ಞಾನಿಗಳು ಕೋಶ ವಿಭಜನೆಗೆ ಲಗಾಮು ಹಾಕುವ ಜೀನ್ ಒಂದನ್ನು ಗುರುತಿಸಿದರು. ಆ ಜೀನ್ ಕೆಟ್ಟರೆ ಕೋಶಗಳು ಹೊತ್ತಲ್ಲದ ಹೊತ್ತಲ್ಲಿ ವಿಭಜನೆಗೊಳ್ಳುತ್ತವೆ. ಅದಕ್ಕೆ ಅವರಿಟ್ಟ ಹೆಸರು ‘ಟ್ರಿಬಲ್ಸ್’. ಮನುಷ್ಯರಲ್ಲಿರುವ ಅದರ ಬಂಧುಗಳಾದ ಟ್ರಿಬ್-1, 2, 3 ಜೀನ್‌ಗಳು ಇಂದು ಕ್ಯಾನ್ಸರ್ ಸಂಶೋಧನೆಯ ವಸ್ತು.

ಈ ಕಂತನ್ನು ಮೊದಲ ಸಲ ನೋಡುವವರಿಗೆ ನನ್ನದೊಂದು ಸಲಹೆಯಿದೆ. ಮೊದಲು ‘ಎರಂಡ್ ಆಫ್ ಮರ್ಸಿ’ ನೋಡಿ, ಆಮೇಲೆ ಟ್ರಿಬಲ್‌ಗಳನ್ನು, ಕೊನೆಗೆ 1996ರ ಕಂತನ್ನು ನೋಡಿ. ನಂತರ ನಿಮ್ಮ ಪಕ್ಷ ಯಾವುದೆಂದು ತೀರ್ಮಾನಿಸಿ. ನನ್ನ ಪಕ್ಷ ಸ್ಪಷ್ಟವಿದೆ. ಒಂದು ಲೋಕವನ್ನು ನಿಜಕ್ಕೂ ನಂಬಿದವರು ಅದರೊಳಗೆ ಧಾರಾಳವಾಗಿ ನಗಬಲ್ಲರು, ಅದರ ಲೆಕ್ಕವನ್ನು ಒರೆಗೆ ಹಚ್ಚಬಲ್ಲರು, ಅದರ ತಪ್ಪುಗಳ ಬಗ್ಗೆ ದಶಕಗಟ್ಟಲೆ ಜಗಳವಾಡಬಲ್ಲರು. ಟ್ರಿಬಲ್ ಕಂತು ಈ ಮೂರಕ್ಕೂ ಜಾಗ ಕೊಟ್ಟಿತು. ಅದಕ್ಕೇ ಅದು ನಿಜವಾದ ಸ್ಟಾರ್ ಟ್ರೆಕ್.